ಬೇಗ ಕಾಯಿ ಕೊಡುವ ಕುಂಬಳ: ಮನೆ ತೋಟದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕುಂಬಳ ಹಾಕಬೇಕು ಅಂದರೆ ತುಂಬ ಜಾಗ ಬೇಕು, ತಿಂಗಳುಗಟ್ಟಲೆ ಕಾಯಬೇಕು ಎಂದು ಎಷ್ಟೋ ಜನ ಆಸೆಯನ್ನೇ ಬಿಟ್ಟುಬಿಡುತ್ತಾರೆ. ಬೇಗ ಕಾಯಿ ಕೊಡುವ ತಳಿಗಳು ಇರುವುದೇ ಅಂಥವರಿಗಾಗಿ. ನಾನು ಕೆಲವು ವರ್ಷಗಳಿಂದ ಮನೆ ತೋಟದಲ್ಲಿ ಇವನ್ನೇ ಬೆಳೆಯುತ್ತಿದ್ದೇನೆ. ಜನ ನನ್ನನ್ನು ಕೇಳುವ ಪ್ರಶ್ನೆಗಳೂ, ಮೊದಮೊದಲು ನಾನೇ ಬೇರೆಯವರನ್ನು ಕೇಳಿದ ಪ್ರಶ್ನೆಗಳೂ ಇಲ್ಲಿವೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬೇಗ ಬರುವ ತಳಿ ಅಂದರೆ ಕೆಲಸ ಕಡಿಮೆ ಅಂತಲ್ಲ. ಅದರ ಹತ್ತಿರ ಇರುವ ದಿನಗಳು ಕಡಿಮೆ. ಒಂದು ವಾರ ಕೈತಪ್ಪಿದರೆ ಆ ವಾರ ಮತ್ತೆ ಸಿಗುವುದಿಲ್ಲ.

‘ಬೇಗ’ ಅಂದರೆ ಎಷ್ಟು ಬೇಗ?

ಮೊದಲು ಎರಡು ಬಗೆಯನ್ನು ಬೇರೆ ಮಾಡಿಕೊಳ್ಳಬೇಕು. ಎಳೆಯದಿದ್ದಾಗಲೇ ಕೊಯ್ಯುವ ಕುಂಬಳ ಒಂದು ಬಗೆ. ಜುಕಿನಿ, ಹಳದಿ ಸ್ಕ್ವಾಷ್ ಎಲ್ಲ ಇದಕ್ಕೆ ಸೇರುತ್ತವೆ. ಇವು ಬಿತ್ತಿದ 45ರಿಂದ 55 ದಿನದಲ್ಲಿ ಕೊಯ್ಲಿಗೆ ಬರುತ್ತವೆ. ಇನ್ನೊಂದು, ಗಿಡದಲ್ಲೇ ಪೂರ್ತಿ ಬಲಿತು ಸಿಪ್ಪೆ ಗಟ್ಟಿಯಾಗುವವರೆಗೆ ಬಿಡುವ ಬಗೆ. ಗುಂಡಗೆ ಗೀರು ಗೀರಾಗಿರುವ ಏಕಾರ್ನ್, ಬಟರ್‌ನಟ್ ಎಂಬ ಇನ್ನೊಂದು ಕುಂಬಳ, ದೊಡ್ಡ ಸಿಹಿಗುಂಬಳ ಈ ಸಾಲಿನವು. ಇವುಗಳಲ್ಲಿ ಬೇಗ ಬರುವ ತಳಿಗೆ 75ರಿಂದ 85 ದಿನ ಬೇಕು. ಮಾಮೂಲಿ ತಳಿಗೆ 100ರಿಂದ 110 ದಿನ.

ಇಲ್ಲಿ ಒಂದು ಲೆಕ್ಕ ಇದೆ, ಗಮನಿಸಿ. ಹೂವು ಕಾಯಿಕಟ್ಟಿದ ಮೇಲೆ ಆ ಕಾಯಿ ಪೂರ್ತಿ ಬಲಿಯಲು ಹೆಚ್ಚುಕಡಿಮೆ 45ರಿಂದ 50 ದಿನ ಬೇಕೇ ಬೇಕು. ಬೇಗ ಬರುವ ತಳಿಗೂ ಅದು ಅಷ್ಟೇನೂ ಕಡಿಮೆಯಾಗುವುದಿಲ್ಲ. ಹಾಗಾದರೆ ಉಳಿತಾಯ ಎಲ್ಲಿ? ಹೂವಿನಲ್ಲಿ. ಈ ಗಿಡಗಳು ಉದ್ದಕ್ಕೆ ಹಬ್ಬುವ ಮೊದಲೇ, ಬುಡದ ಹತ್ತಿರದ ಗೆಣ್ಣುಗಳಲ್ಲೇ ಹೆಣ್ಣು ಹೂವು ಬಿಡುತ್ತವೆ. 80 ದಿನದ ತಳಿಯಾದರೆ 35ನೇ ದಿನದ ಆಸುಪಾಸಿನಲ್ಲಿ ಹೆಣ್ಣು ಹೂವು ಅರಳಿ ಕಾಯಿ ನಿಲ್ಲಬೇಕು. ಅಂದರೆ ನಿಮ್ಮ ಬೆಳೆಯ ಹಣೆಬರಹ ಮೊದಲ ಐದು ವಾರದಲ್ಲೇ ಮುಗಿದಿರುತ್ತದೆ. ಆಮೇಲಿನದೆಲ್ಲ ಕಾಯುವ ಕೆಲಸ.

ಪ್ಯಾಕೆಟ್ ಮೇಲೆ ಬರೆದ ದಿನ ಯಾವತ್ತಿನಿಂದ ಲೆಕ್ಕ?

ಸಾಮಾನ್ಯವಾಗಿ ನೆಲಕ್ಕೆ ನೇರವಾಗಿ ಬಿತ್ತಿದ ದಿನದಿಂದ. ಕೆಲವರು ಸಸಿ ನೆಟ್ಟ ದಿನದಿಂದ ಲೆಕ್ಕ ಹಾಕಿರುತ್ತಾರೆ, ಓದಿ ನೋಡಿ. ಎರಡರಲ್ಲಿ ಯಾವುದಾದರೂ ಅದು ಬೆಚ್ಚಗಿನ, ಬಿಸಿಲಿನ, ನೀರು ತಪ್ಪದ ದಿನಗಳ ಲೆಕ್ಕ. ತಂಪು ಹವೆಯಲ್ಲಿ ಅದೇ ತಳಿ ಹತ್ತು ಹದಿನೈದು ದಿನ ಹಿಂದೆ ಬೀಳುವುದು ತೀರಾ ಸಹಜ.

ಯಾವ ತಳಿ ಆರಿಸಿಕೊಳ್ಳಲಿ?

ಜಾಗ ಕಡಿಮೆ ಇದ್ದರೆ ಪೊದೆಯಾಗಿ ಬೆಳೆಯುವ ತಳಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಎಳೆಯದಾಗಿ ಕೊಯ್ಯಲು ‘ಅರ್ಲಿ ಪ್ರೊಲಿಫಿಕ್ ಸ್ಟ್ರೈಟ್‌ನೆಕ್’ ಹಳೆಯ, ನಂಬಿಕಸ್ಥ ತಳಿ. ಅಮೆರಿಕದ ಆಲ್-ಅಮೆರಿಕಾ ಸೆಲೆಕ್ಷನ್ಸ್ ಸಂಸ್ಥೆ ಹೊಸ ತಳಿಗಳನ್ನು ಬೆಳೆಸಿ ನೋಡಿ ಪ್ರಶಸ್ತಿ ಕೊಡುತ್ತದೆ. ಅದರಿಂದ ಈ ತಳಿಗೆ 1938ರಲ್ಲೇ ಪ್ರಶಸ್ತಿ ಬಂದಿದೆ. ಬಂಗಾರದ ಬಣ್ಣದ ಜುಕಿನಿ ‘ಗೋಲ್ಡ್ ರಶ್’ಗೆ 1980ರಲ್ಲಿ ಬಂತು. ಹಳದಿ ಕಾಯಿ ಎಲೆಗಳ ನಡುವೆ ಥಟ್ಟನೆ ಕಾಣುತ್ತದೆ, ಕೊಯ್ಯುವಾಗ ಕಣ್ತಪ್ಪುವುದಿಲ್ಲ. ಹಸಿರು ಜುಕಿನಿ ಬೆಳೆದವರಿಗೆ ಇದರ ಬೆಲೆ ಗೊತ್ತು.

ಬಲಿಯಲು ಬಿಡುವ ಬಗೆಯಲ್ಲಿ ‘ಟೇಬಲ್ ಕ್ವೀನ್’ ಎಂಬ ಏಕಾರ್ನ್ ಕುಂಬಳ 1913ರಲ್ಲಿ ಬಂದದ್ದು, ಇವತ್ತಿಗೂ ಬೆಳೆಯುತ್ತಾರೆ. ಮೂಲ ತಳಿ ಬಳ್ಳಿಯಾಗಿ ಹಬ್ಬುತ್ತದೆ. ಅದರ ಪೊದೆ ರೂಪವೂ ಸಿಗುತ್ತದೆ, ಮನೆ ತೋಟಕ್ಕೆ ಅದೇ ಸರಿ. ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದಲ್ಲಿ ಬ್ರೆಂಟ್ ಲಾಯ್ ಬೆಳೆಸಿದ ‘ಹನಿ ಬೇರ್’ ಪುಟ್ಟ ಕಾಯಿಯ ಪೊದೆ ತಳಿ. ಅದಕ್ಕೆ 2009ರಲ್ಲಿ ಪ್ರಶಸ್ತಿ ಬಂತು, ಎಲೆ ಮೇಲೆ ಬಿಳಿ ಪುಡಿಯಂತೆ ಹಬ್ಬುವ ಬೂದಿ ರೋಗವನ್ನೂ ಅದು ಸುಮಾರಾಗಿ ತಾಳಿಕೊಳ್ಳುತ್ತದೆ. ಇದೇ ಪ್ರಶಸ್ತಿಯನ್ನು 1970ರಲ್ಲಿ ಪಡೆದ ‘ವಾಲ್ಥಮ್ ಬಟರ್‌ನಟ್’ ಒಳ್ಳೆಯ ತಳಿಯೇ, ಆದರೆ ಬೇಗ ಬರುವುದಿಲ್ಲ. ನೂರು ದಿನದ ಮೇಲೆ ಕಾಯಬೇಕು.

ಬೂದುಗುಂಬಳವೂ ಇದೇ ಜಾತಿನಾ?

ಅಲ್ಲ. ಒಂದೇ ಕುಟುಂಬ, ಆದರೆ ಕುಲ ಬೇರೆ. ಸಿಹಿಗುಂಬಳ, ಜುಕಿನಿ, ಏಕಾರ್ನ್, ಬಟರ್‌ನಟ್ ಎಲ್ಲ ಕುಕುರ್ಬಿಟಾ ಕುಲದವು, ಬೂದುಗುಂಬಳ ಅದಕ್ಕೆ ಸೇರುವುದಿಲ್ಲ. ಇವೆಲ್ಲವೂ ಅಮೆರಿಕ ಖಂಡಗಳಿಂದ ಬಂದವು. ಮೆಕ್ಸಿಕೋದ ಒಹಾಕಾ ಪ್ರದೇಶದ ಗುಹೆಯೊಂದರಲ್ಲಿ ಸಿಕ್ಕ ಕುಂಬಳದ ಬೀಜಗಳು ಸುಮಾರು 10,000 ವರ್ಷ ಹಳೆಯವು. ಮನುಷ್ಯ ಅಲ್ಲಿ ಮೆಕ್ಕೆಜೋಳ ಬೆಳೆಯುವ ಮೊದಲೇ ಕುಂಬಳ ಬೆಳೆದಿದ್ದಾನೆ. ಅಂಗೈ ಮೇಲೆ ಬೀಜ ಇಟ್ಟುಕೊಂಡಾಗ ನನಗೆ ಇದು ಪ್ರತಿ ಸಲ ನೆನಪಾಗುತ್ತದೆ.

ಯಾವಾಗ ಬಿತ್ತಬೇಕು?

ಕ್ಯಾಲೆಂಡರ್ ನೋಡಬೇಡಿ, ಮಣ್ಣು ಮುಟ್ಟಿ ನೋಡಿ. ಮಣ್ಣಿನ ಬಿಸಿ 16 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಬೀಜ ಮೊಳೆಯುವುದಕ್ಕಿಂತ ಕೊಳೆಯುವುದೇ ಜಾಸ್ತಿ. 21 ದಾಟಿದರೆ ಧೈರ್ಯವಾಗಿ ಬಿತ್ತಬಹುದು. 30ರ ಹತ್ತಿರ ಇದ್ದರೆ ಐದಾರು ದಿನದಲ್ಲೇ ಬೀಜದೆಲೆ ಮೇಲೆ ಬರುತ್ತದೆ. ಹಿಮ ಬೀಳುವ ಕಡೆ ಇರುವವರು ಕೊನೆಯ ಹಿಮ ಹೋಗಿ ಎರಡು ವಾರ ಕಳೆಯುವವರೆಗೆ ಕಾಯುವುದು ಒಳ್ಳೆಯದು. ಕುಂಬಳ ಚಳಿಯನ್ನು ಒಂದು ರಾತ್ರಿಯೂ ತಡೆಯುವುದಿಲ್ಲ.

ಒಂದು ವರ್ಷ ನಾನು ಆತುರಪಟ್ಟು ಮಣ್ಣು ಇನ್ನೂ ತಣ್ಣಗಿರುವಾಗಲೇ ಆರು ಬೀಜ ಹಾಕಿದೆ. ಎರಡು ಮೊಳೆತವು. ಅವೂ ಮಂಕಾಗಿ, ಎಲೆ ಬಿಡದೆ ಕೂತವು. ಎರಡು ವಾರ ಬಿಟ್ಟು ಪಕ್ಕದಲ್ಲೇ ಬಿತ್ತಿದ ಬೀಜದ ಗಿಡಗಳು ಅವನ್ನು ದಾಟಿ ಮೊದಲು ಹೂವು ಬಿಟ್ಟವು. ಬೇಗ ಬರುವ ತಳಿಯನ್ನು ಬೇಗ ಬಿತ್ತಿದರೆ ಇನ್ನೂ ಬೇಗ ಬರುತ್ತದೆ ಅನ್ನುವ ಲೆಕ್ಕ ನೆಲದ ಮೇಲೆ ನಡೆಯುವುದಿಲ್ಲ.

ಬೀಜವನ್ನು ಒಂದು ಅಂಗುಲ ಆಳಕ್ಕೆ ಹಾಕಿ. ಒಂದೊಂದು ಗುಣಿಗೆ ಮೂರು ಬೀಜ ಹಾಕಿ, ಬೀಜದೆಲೆ ಬಿಟ್ಟು ಎರಡು ನಿಜವಾದ ಎಲೆ ಬಂದ ಮೇಲೆ ಚೆನ್ನಾಗಿರುವ ಒಂದನ್ನು ಉಳಿಸಿಕೊಳ್ಳಿ. ಉಳಿದವನ್ನು ಕೀಳಬೇಡಿ, ಕತ್ತರಿಯಲ್ಲಿ ಬುಡಕ್ಕೆ ಕತ್ತರಿಸಿ. ಕಿತ್ತರೆ ಉಳಿಯಬೇಕಾದ ಗಿಡದ ಬೇರೂ ಅಲುಗುತ್ತದೆ.

ಸಸಿ ಮಾಡಿಕೊಂಡು ನೆಟ್ಟರೆ ಇನ್ನೂ ಬೇಗ ಬರುತ್ತಾ?

ಬರುತ್ತದೆ, ಆದರೆ ಸಸಿ ಚಿಕ್ಕದಿದ್ದಾಗಲೇ ನೆಟ್ಟರೆ ಮಾತ್ರ. ಕುಂಬಳದ ಬೇರಿಗೆ ಯಾರಾದರೂ ಕೈ ಹಾಕಿದರೆ ಹಿಡಿಸುವುದಿಲ್ಲ. ಎರಡು, ಹೆಚ್ಚೆಂದರೆ ಮೂರು ವಾರದ ಸಸಿ, ಒಂದೋ ಎರಡೋ ಎಲೆ ಇರುವಂಥದ್ದು ಸರಿ. ನೆಲದಲ್ಲೇ ಕರಗುವ ಕಾಗದದ ಕುಂಡದಲ್ಲಿ ಬೆಳೆಸಿ ಹಾಗೇ ನೆಲಕ್ಕಿಟ್ಟರೆ ಬೇರಿಗೆ ಗೊತ್ತೇ ಆಗುವುದಿಲ್ಲ. ಐದಾರು ವಾರ ಕುಂಡದಲ್ಲೇ ಇದ್ದು ಬೇರು ಸುತ್ತಿಕೊಂಡ ಸಸಿ ನೋಡಲು ದೊಡ್ಡದಿರುತ್ತದೆ, ನೆಟ್ಟ ಮೇಲೆ ಮುಖ ಬಾಡಿಸಿಕೊಂಡು ನಿಲ್ಲುತ್ತದೆ. ಅಷ್ಟರಲ್ಲಿ ನೇರವಾಗಿ ಬಿತ್ತಿದ ಗಿಡ ಮುಂದೆ ಹೋಗಿರುತ್ತದೆ.

ಮಣ್ಣು, ಗೊಬ್ಬರ ಹೇಗಿರಬೇಕು?

ನೀರು ನಿಲ್ಲದ ಮಣ್ಣು, ದಿನಕ್ಕೆ ಕನಿಷ್ಠ ಆರು ಗಂಟೆ ಬಿಸಿಲು. ಎಂಟು ಸಿಕ್ಕರೆ ಇನ್ನೂ ಒಳ್ಳೆಯದು. ಮಣ್ಣಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 6ರಿಂದ 6.8ರ ನಡುವೆ ಇದ್ದರೆ ಚೆನ್ನ. ಗುಣಿಗೆ ಚೆನ್ನಾಗಿ ಕಳಿತ ಗೊಬ್ಬರ ಎರಡು ಮೂರು ಬೊಗಸೆ ಬೆರೆಸಿ. ಹಸಿ ಸಗಣಿ ಬೇಡ, ಎಳೆ ಬೇರು ಸುಡುತ್ತದೆ.

ಸಾರಜನಕದ ಗೊಬ್ಬರದ ಬಗ್ಗೆ ಹುಷಾರು. ಯೂರಿಯಾದಂಥದ್ದು ಜಾಸ್ತಿ ಬಿದ್ದರೆ ಗಿಡ ಕೊಡೆಯಷ್ಟು ಎಲೆ ಬಿಟ್ಟು ಕಣ್ಣು ತುಂಬಿಸುತ್ತದೆ, ಹೂವು ಮಾತ್ರ ಹಿಂದೆ ಬೀಳುತ್ತದೆ. ಐದು ವಾರದ ಲೆಕ್ಕ ನೆನಪಿದೆ ಅಲ್ವಾ? ಎಲೆಗೆ ಹೋದ ಹತ್ತು ದಿನ ಕಾಯಿಗೆ ಸಿಗುವುದಿಲ್ಲ. ನಾನು ನೆಡುವಾಗ ಒಮ್ಮೆ, ಮೊದಲ ಹೂಮೊಗ್ಗು ಕಂಡಾಗ ಇನ್ನೊಮ್ಮೆ ಕಳಿತ ಗೊಬ್ಬರ ಕೊಡುತ್ತೇನೆ, ಅಷ್ಟೇ.

ಗಿಡದಿಂದ ಗಿಡಕ್ಕೆ ಎಷ್ಟು ಅಂತರ? ಕುಂಡದಲ್ಲಿ ಆಗುತ್ತಾ?

ಪೊದೆ ತಳಿಗೆ ಎರಡೂವರೆಯಿಂದ ಮೂರು ಅಡಿ. ಹಬ್ಬುವ ತಳಿಗೆ ನಾಲ್ಕರಿಂದ ಆರು ಅಡಿ. ಸಸಿ ಚಿಕ್ಕದಿರುವಾಗ ಈ ಜಾಗ ಸುಮ್ನೆ ಹಾಳಾಗುತ್ತಿದೆ ಅನ್ನಿಸುತ್ತದೆ. ಒಂದು ತಿಂಗಳು ತಾಳಿ.

ಕುಂಡದಲ್ಲಿ ಪೊದೆ ತಳಿ ಖಂಡಿತ ಆಗುತ್ತದೆ. 20 ಲೀಟರ್‌ಗಿಂತ ಕಡಿಮೆ ಬೇಡ, ಒಂದು ಕುಂಡಕ್ಕೆ ಒಂದೇ ಗಿಡ. ಬಿಸಿಲು ಜೋರಾದರೆ ದಿನಾ ನೀರು ಹಾಕಬೇಕಾಗುತ್ತದೆ.

ನೀರು?

ನೆಲದಲ್ಲಿರುವ ಗಿಡಕ್ಕೆ ವಾರಕ್ಕೆ ಒಂದು ಅಂಗುಲ ಮಳೆಯಷ್ಟು ನೀರು ಸಾಕು. ದಿನಾ ಚಿಮುಕಿಸುವುದಕ್ಕಿಂತ ಎರಡು ಸಲ ಆಳಕ್ಕೆ ಇಳಿಯುವ ಹಾಗೆ ಬುಡಕ್ಕೆ ಹಾಕಿ. ಬುಡದ ಸುತ್ತ ಒಣಹುಲ್ಲು ಹೊದಿಸಿದರೆ ಕಳೆಯೂ ಕಡಿಮೆ, ತೇವವೂ ನಿಲ್ಲುತ್ತದೆ. ನಡುಮಧ್ಯಾಹ್ನ ಎಲೆ ಜೋಲು ಬಿದ್ದರೆ ಗಾಬರಿಯಾಗಬೇಡಿ. ಸಂಜೆ ತಂಪಾದಾಗ ಎದ್ದು ನಿಂತರೆ ಗಿಡ ಚೆನ್ನಾಗಿದೆ. ಬೆಳಗ್ಗೆಯೂ ಜೋಲು ಬಿದ್ದಿದ್ದರೆ ಮಾತ್ರ ಮಣ್ಣು ಮುಟ್ಟಿ ನೋಡಿ.

ಹೂವು ತುಂಬ ಬಿಟ್ಟಿದೆ, ಒಂದೂ ಕಾಯಿ ಇಲ್ಲ. ಯಾಕೆ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಕುಂಬಳದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಎರಡೂ ಒಂದೇ ಗಿಡದಲ್ಲಿ ಬಿಡುತ್ತವೆ. ಸಾಮಾನ್ಯವಾಗಿ ಮೊದಲು ಬರುವುದು ಗಂಡು ಹೂವು. ಅವು ಕೆಲವು ದಿನ ಅರಳಿ ಉದುರುತ್ತವೆ. ಅದು ರೋಗವಲ್ಲ, ಗಿಡದ ಕ್ರಮ. ಹಗಲು ತುಂಬ ಉದ್ದವಿದ್ದು ಸೆಕೆಯೂ ಜಾಸ್ತಿಯಿದ್ದರೆ ಗಂಡು ಹೂವಿನ ಸಂಖ್ಯೆ ಇನ್ನೂ ಏರುತ್ತದೆ. ಬೇಗ ಬರುವ ಕೆಲವು ತಳಿಗಳಲ್ಲಿ ಇದು ತಿರುವುಮುರುವು. ತಂಪಿನಲ್ಲಿ ಹೆಣ್ಣು ಹೂವೇ ಮೊದಲು ಬಂದು, ಪರಾಗ ಕೊಡಲು ಗಂಡು ಹೂವು ಇರುವುದಿಲ್ಲ. ಆಗ ಮೊದಲ ಒಂದೆರಡು ಹೀಚು ಉದುರುತ್ತವೆ.

ಗುರುತು ಹಿಡಿಯುವುದು ಸುಲಭ. ಗಂಡು ಹೂವಿನ ತೊಟ್ಟು ಉದ್ದ, ತೆಳು. ಹೆಣ್ಣು ಹೂವಿನ ತೊಟ್ಟು ಗಿಡ್ಡ, ದಪ್ಪ, ಹೂವಿನ ಕೆಳಗೆ ಬೆರಳ ತುದಿಯಷ್ಟು ಹೀಚು ಕೂತಿರುತ್ತದೆ. ಆ ತಳಿಯ ಕಾಯಿ ಹೇಗಿರುತ್ತದೋ ಹೀಚೂ ಅದೇ ಆಕಾರ. ಜುಕಿನಿಗೆ ಕಡ್ಡಿಯಂತೆ ಉದ್ದ, ಏಕಾರ್ನ್‌ಗೆ ಗುಂಡಗೆ, ಗೀರು ಗೀರಾಗಿ.

ಹೆಣ್ಣು ಹೂವು ಅರಳಿ ನಿಲ್ಲುವುದು ಒಂದೇ ಒಂದು ಬೆಳಗ್ಗೆ. ಬೆಳಕು ಹರಿಯುವ ಹೊತ್ತಿಗೆ ತೆರೆಯುತ್ತದೆ, ಬಿಸಿಲೇರಿದಂತೆ ಮುಚ್ಚಿಕೊಳ್ಳುತ್ತದೆ. ಮತ್ತೆ ತೆರೆಯುವುದಿಲ್ಲ. ಅಷ್ಟರೊಳಗೆ ಜೇನು ಹಲವು ಸಲ ಬಂದು ಹೋಗಬೇಕು. ಅಮೆರಿಕ ಖಂಡಗಳಲ್ಲಿ ಕುಂಬಳದ ಹೂವಿಗೇ ಒಗ್ಗಿಕೊಂಡ ಜೇನುಗಳಿವೆ. ಅವು ನಸುಕಿನಲ್ಲೇ ಕೆಲಸಕ್ಕೆ ಇಳಿಯುತ್ತವೆ, ಅವುಗಳ ಗಂಡು ಮುಚ್ಚಿದ ಹೂವಿನೊಳಗೇ ಮಲಗುತ್ತದೆ. ಬೇರೆ ಕಡೆ ಮಾಮೂಲಿ ಜೇನು, ದುಂಬಿಗಳೇ ದಿಕ್ಕು. ಮಳೆ, ಮೋಡ ಇದ್ದ ಬೆಳಗ್ಗೆ ಅವೂ ಬರುವುದಿಲ್ಲ.

ಹಾಗಾದರೆ ಕೈಯಿಂದಲೇ ಪರಾಗ ಮುಟ್ಟಿಸಬಹುದಾ?

ಮುಟ್ಟಿಸಬಹುದು. ಬೇಗ ಬರುವ ತಳಿಯಲ್ಲಿ ಮೊದಲ ಮೂರು ನಾಲ್ಕು ಹೆಣ್ಣು ಹೂವಿಗೆ ನಾನು ಜೇನನ್ನು ನಂಬಿ ಕೂರುವುದೇ ಇಲ್ಲ.

ಹಿಂದಿನ ಸಂಜೆ ಗಿಡದ ಹತ್ತಿರ ಹೋಗಿ ನೋಡಿ. ನಾಳೆ ಅರಳುವ ಮೊಗ್ಗಿನ ತುದಿಗೆ ಹಳದಿ ಬಂದಿರುತ್ತದೆ, ಬಾಯಿ ಸಡಿಲವಾಗಿರುತ್ತದೆ. ಇನ್ನೂ ಹಸಿರಾಗಿ ಬಿಗಿದಿರುವುದು ನಾಳೆಯದಲ್ಲ. ಬೆಳಗ್ಗೆ ಎದ್ದ ತಕ್ಷಣ ಹೋಗಿ. ಅರಳಿದ ಗಂಡು ಹೂವೊಂದನ್ನು ತೊಟ್ಟು ಸಮೇತ ಕೀಳಿ. ಎಸಳುಗಳನ್ನು ಒಂದೊಂದಾಗಿ ಬಿಡಿಸಿ ತೆಗೆಯಿರಿ. ನಡುವೆ ಹಳದಿ ಕಡ್ಡಿ ಉಳಿಯುತ್ತದೆ. ಬೆರಳಿಗೆ ತಾಗಿಸಿದರೆ ಅರಿಶಿನದ ಪುಡಿಯಂತೆ ಅಂಟಬೇಕು. ಅಂಟದಿದ್ದರೆ ಬೇರೆ ಹೂವು ತೆಗೆದುಕೊಳ್ಳಿ. ಹೆಣ್ಣು ಹೂವಿನೊಳಗೆ ಅಂಟಂಟಾದ, ಮೂರು ಭಾಗವಾಗಿ ಸೀಳಿದ ಗಂಟು ಇರುತ್ತದೆ. ಮೂರಕ್ಕೂ ಪುಡಿ ಹತ್ತುವ ಹಾಗೆ ಮೆಲ್ಲಗೆ ಸವರಿ. ಒಂದೇ ಕಡೆ ಸವರಿದರೆ ಕಾಯಿ ಒಂದು ಪಕ್ಕ ಊದಿ ಇನ್ನೊಂದು ಪಕ್ಕ ಸೊರಗುವುದುಂಟು. ಒಂದು ಗಂಡು ಹೂವು ಎರಡು ಹೆಣ್ಣು ಹೂವಿಗೆ ಸಾಕಾಗುತ್ತದೆ, ಆದರೆ ನಾನು ಎರಡು ಗಂಡು ಹೂವನ್ನೇ ಬಳಸುತ್ತೇನೆ. ಪುಡಿ ಜಾಸ್ತಿಯಾದರೆ ನಷ್ಟವಿಲ್ಲ.

ಮೂರು ದಿನದಲ್ಲಿ ಉತ್ತರ ಸಿಗುತ್ತದೆ. ಕಾಯಿ ನಿಂತರೆ ಹೀಚು ಹೊಳಪು ಬಂದು ಉಬ್ಬುತ್ತದೆ.

ಜೇನು ತೀರಾ ಕಡಿಮೆ ಇರುವ ಕಡೆ ‘ಪಾರ್ಥೆನಾನ್’ನಂಥ ಜುಕಿನಿ ತಳಿ ಹಾಕಬಹುದು. ಅದು ಪರಾಗ ಮುಟ್ಟದಿದ್ದರೂ ಕಾಯಿ ಕಟ್ಟುತ್ತದೆ.

ಹೀಚು ಬೆರಳುದ್ದ ಬಂದು ಹಳದಿಯಾಗಿ ಉದುರುತ್ತಿದೆ. ಗೊಬ್ಬರ ಕಡಿಮೆಯಾಯಿತಾ?

ಹೆಚ್ಚಿನ ಸಲ ಗೊಬ್ಬರದ ತಪ್ಪಲ್ಲ, ಪರಾಗ ಸರಿಯಾಗಿ ಸಿಕ್ಕಿಲ್ಲ. ತುದಿಯಿಂದ ಹಳದಿಯಾಗುತ್ತಾ ಸುಕ್ಕುಗಟ್ಟಿದರೆ ಇದೇ ಕಾರಣ. ಕಾಯಿ ಸ್ವಲ್ಪ ದೊಡ್ಡದಾದ ಮೇಲೆ ಹೂವಿನ ಕಡೆಯ ತುದಿ ಕಂದಾಗಿ ಮೆತ್ತಗಾದರೆ ಕತೆ ಬೇರೆ. ನೀರು ಒಂದು ದಿನ ಜಾಸ್ತಿ, ನಾಲ್ಕು ದಿನ ಇಲ್ಲ ಅಂತಾದಾಗ ಕಾಯಿಯ ತುದಿಗೆ ಸುಣ್ಣದಂಶ ತಲುಪುವುದಿಲ್ಲ. ನೀರನ್ನು ಹದಕ್ಕೆ ತನ್ನಿ, ಮುಂದಿನ ಕಾಯಿ ಸರಿಹೋಗುತ್ತದೆ.

ಎಲೆ ಮೇಲೆ ಬಿಳಿ ಪುಡಿ ಬಂದಿದೆ, ಏನು ಮಾಡಲಿ?

ಬೂದಿ ರೋಗ. ಇದಕ್ಕೆ ಎಲೆ ಒದ್ದೆಯಾಗಿರಬೇಕು ಅಂತಿಲ್ಲ, ಒಣ ಹವೆಯಲ್ಲೂ ಹಬ್ಬುತ್ತದೆ. ಮೊದಲು ಬುಡದ ಹಳೆ ಎಲೆ, ನೆರಳಿನಲ್ಲಿರುವ ಎಲೆಗೆ ಬರುತ್ತದೆ. ಒಂದೆರಡು ಎಲೆಯಲ್ಲಿ ಕಂಡಾಗಲೇ ಅವನ್ನು ಕತ್ತರಿಸಿ ತೋಟದಿಂದ ಆಚೆ ಹಾಕಿ. ಗಾಳಿ ಆಡಲು ಬಿಡಿ.

ಹಾಲು ಸಿಂಪಡಿಸುವ ಮಾತು ನೀವು ಕೇಳಿರಬಹುದು. ಅದು ಬರೀ ಬಾಯಿಮಾತಲ್ಲ. ಬ್ರೆಜಿಲ್‌ನ ವಿಜ್ಞಾನಿ ವ್ಯಾಗ್ನರ್ ಬೆಟ್ಟಿಯೋಲ್ 1999ರಲ್ಲಿ ಜುಕಿನಿಯ ಮೇಲೆ ಹಸುವಿನ ಹಾಲನ್ನು ಪರೀಕ್ಷಿಸಿ, ಬೂದಿ ರೋಗ ಚೆನ್ನಾಗಿ ತಗ್ಗುವುದನ್ನು ತೋರಿಸಿದರು. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ, ವಾರಕ್ಕೊಮ್ಮೆ ಬೆಳಗಿನ ಬಿಸಿಲಿನಲ್ಲಿ ಎಲೆಯ ಎರಡೂ ಬದಿಗೆ ಸಿಂಪಡಿಸಿ. ರೋಗ ಶುರುವಾಗುವಾಗಲೇ ಮಾಡಬೇಕು. ಎಲೆ ಪೂರ್ತಿ ಬೆಳ್ಳಗಾದ ಮೇಲೆ ಪ್ರಯೋಜನವಿಲ್ಲ.

ಬೇಗ ಬರುವ ತಳಿಗೆ ಇಲ್ಲಿ ಒಂದು ಅನುಕೂಲ ಇದೆ. ರೋಗ ಜೋರಾಗುವ ಹೊತ್ತಿಗೆ ಬಹಳಷ್ಟು ಸಲ ಕಾಯಿ ಬಲಿತೇ ಇರುತ್ತದೆ.

ಹುಳ, ದುಂಬಿ ಕಾಟಕ್ಕೆ?

ಎಳೆ ಸಸಿಯ ಎಲೆಯನ್ನು ಎಲೆ ತಿನ್ನುವ ದುಂಬಿಗಳು (ಪರಾಗ ಮುಟ್ಟಿಸುವವಲ್ಲ) ತೂತು ತೂತು ಮಾಡುತ್ತವೆ. ಮೊದಲ ಮೂರು ವಾರ ಸಸಿಗಳ ಮೇಲೆ ತೆಳು ಬಲೆ ಅಥವಾ ಬಟ್ಟೆ ಹೊದಿಸಿಡಿ. ಹೆಣ್ಣು ಹೂವು ಕಂಡ ದಿನ ತೆಗೆಯಲೇಬೇಕು, ಇಲ್ಲದಿದ್ದರೆ ಜೇನಿಗೂ ದಾರಿ ಇರುವುದಿಲ್ಲ. ಎಲೆಯ ಅಡಿಯಲ್ಲಿ ಸಾಲಾಗಿ ಅಂಟಿಸಿದ ಮೊಟ್ಟೆ ಕಂಡರೆ ಕೈಯಲ್ಲೇ ಕೆರೆದು ಹಾಕಿ. ಎಲೆ ಬಣ್ಣಬಣ್ಣದ ತೇಪೆಯಾಗಿ, ಸುಕ್ಕಾಗಿ ಬೆಳೆಯುತ್ತಿದ್ದರೆ ಅದು ನಂಜು ರೋಗ. ಔಷಧಿ ಇಲ್ಲ, ಆ ಗಿಡ ಕಿತ್ತು ಬಿಡಿ. ಕೀಟನಾಶಕ ಹೊಡೆಯಲೇಬೇಕಾದರೆ ಹೂವು ಮುಚ್ಚಿದ ಮೇಲೆ, ಸಂಜೆ ಹೊಡೆಯಿರಿ. ಬೆಳಗ್ಗೆ ಹೊಡೆದರೆ ನಿಮಗೆ ಕಾಯಿ ಕೊಡುವ ಜೇನನ್ನೇ ಕೊಂದ ಹಾಗೆ.

ಪಕ್ಕದಲ್ಲಿ ಸೌತೆ ಇದೆ. ಬೆರಕೆಯಾಗಿ ರುಚಿ ಕೆಡುತ್ತಾ?

ಇಲ್ಲ. ಸೌತೆಗೂ ಕುಂಬಳಕ್ಕೂ ಬೆರಕೆ ಆಗುವುದೇ ಇಲ್ಲ. ಜುಕಿನಿ ಮತ್ತು ಏಕಾರ್ನ್ ಒಂದೇ ಜಾತಿಯವಾದ್ದರಿಂದ ಬೆರಕೆ ಆಗುತ್ತವೆ. ಆದರೂ ಈ ಸಲದ ಕಾಯಿಗೆ ಏನೂ ಆಗುವುದಿಲ್ಲ. ವ್ಯತ್ಯಾಸ ಕಾಣುವುದು ಅದರ ಬೀಜ ಬಿತ್ತಿದಾಗ. ಅದಕ್ಕೇ ಮನೆಯಲ್ಲಿ ತೆಗೆದ ಬೀಜದಲ್ಲಿ ಏನು ಬರುತ್ತದೆ ಅಂತ ಹೇಳಲಾಗದು. ಹೈಬ್ರಿಡ್ ತಳಿಯಂತೂ ತಾಯಿಯ ಹಾಗೆ ಬರುವುದಿಲ್ಲ.

ಕಾಯಿ ಕಹಿಯಾಗಿದೆ. ಬೇಯಿಸಿದರೆ ಹೋಗುತ್ತಾ?

ಹೋಗುವುದಿಲ್ಲ. ದಯವಿಟ್ಟು ತಿನ್ನಬೇಡಿ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು. ಬೇಯಿಸಿದರೂ ಅದು ಕರಗಿ ಹೋಗುವುದಿಲ್ಲ. ಜೋರು ವಾಂತಿ ಭೇದಿ ತರುತ್ತದೆ. ಅಲಂಕಾರಕ್ಕೆ ಬೆಳೆಯುವ ಬುರುಡೆಯ ಜೊತೆ ಬೆರಕೆಯಾದ ಬೀಜ, ತಾನಾಗಿ ಹುಟ್ಟಿದ ಗಿಡ, ಇವುಗಳಲ್ಲಿ ಇದು ಹೆಚ್ಚು. ಅನುಮಾನ ಬಂದರೆ ಹಸಿ ಕಾಯಿಯ ಒಂದು ಚೂರನ್ನು ನಾಲಿಗೆಗೆ ತಾಗಿಸಿ ನೋಡಿ ಉಗಿಯಿರಿ. ಕಹಿ ಇದ್ದರೆ ಕಾಯಿಯನ್ನೂ ಎಸೆಯಿರಿ, ಗಿಡವನ್ನೂ ಕೀಳಿ.

ಯಾವಾಗ ಕೊಯ್ಯಬೇಕು?

ಎಳೆಯದಾಗಿ ಕೊಯ್ಯುವ ಬಗೆಯಾದರೆ ಒಂದು ಗೇಣಿಗಿಂತ ಉದ್ದ ಬಿಡಬೇಡಿ. ಹೂವು ಅರಳಿ ನಾಲ್ಕರಿಂದ ಎಂಟು ದಿನದಲ್ಲಿ ಕಾಯಿ ಸಿದ್ಧ. ದಿನ ಬಿಟ್ಟು ದಿನ ನೋಡಲೇಬೇಕು. ಒಂದು ಕಾಯಿ ಎಲೆ ಮರೆಯಲ್ಲಿ ಉಳಿದು ದೊಡ್ಡದಾದರೆ ಗಿಡ ತನ್ನ ಶಕ್ತಿಯನ್ನೆಲ್ಲ ಅದರ ಬೀಜಕ್ಕೆ ಕೊಡುತ್ತದೆ, ಹೊಸ ಹೂವು ನಿಲ್ಲಿಸುತ್ತದೆ.

ಬಲಿಯುವ ಬಗೆಗೆ ಆತುರ ಬೇಡ. ಏಕಾರ್ನ್ ಕಾಯಿ ಹೂವು ಬಿಟ್ಟ ಎರಡೇ ವಾರದಲ್ಲಿ ಪೂರ್ತಿ ಗಾತ್ರಕ್ಕೆ, ಕಡು ಹಸಿರಿಗೆ ಬಂದು ಬಲಿತ ಹಾಗೆ ಕಾಣುತ್ತದೆ. ಎಷ್ಟೋ ಜನ ಅಲ್ಲೇ ಕೊಯ್ದು, ಸಪ್ಪೆ ಇದೆ, ಈ ತಳಿ ಚೆನ್ನಾಗಿಲ್ಲ ಅನ್ನುತ್ತಾರೆ. ಗಾತ್ರ ಬಂದ ಮೇಲೆ ಒಳಗೆ ಹಿಟ್ಟು, ಸಿಹಿ ಕೂಡಲು ಇನ್ನೂ ಒಂದು ತಿಂಗಳು ಬೇಕು. ಕಾಯಿಯನ್ನು ಮೆಲ್ಲಗೆ ಎತ್ತಿ ನೆಲಕ್ಕೆ ತಾಗಿದ ಕಡೆ ನೋಡಿ. ಆ ಮಚ್ಚೆ ತಿಳಿ ಹಳದಿ ಇದ್ದರೆ ಬಿಡಿ, ಗಾಢ ಕಿತ್ತಳೆಗೆ ತಿರುಗಿದ್ದರೆ ಕೊಯ್ಯಿರಿ. ಉಗುರು ಒತ್ತಿದರೆ ಸಿಪ್ಪೆಗೆ ಇಳಿಯಬಾರದು.

ಎರಡು ಅಂಗುಲ ತೊಟ್ಟು ಬಿಟ್ಟು ಕತ್ತರಿಸಿ. ತೊಟ್ಟು ಹಿಡಿದು ಎತ್ತಬೇಡಿ, ಅದು ಮುರಿದರೆ ಕೊಳೆತ ಅಲ್ಲಿಂದಲೇ ಶುರು.

ಎಷ್ಟು ದಿನ ಇಡಬಹುದು?

ಏಕಾರ್ನ್ ಐದರಿಂದ ಎಂಟು ವಾರ, ಬಟರ್‌ನಟ್ ಎರಡು ಮೂರು ತಿಂಗಳು. 10ರಿಂದ 13 ಡಿಗ್ರಿಯ ಒಣ ಜಾಗ ಸರಿ. ಬಟರ್‌ನಟ್ ಅನ್ನು ಮೊದಲು ಹತ್ತು ದಿನ ಬೆಚ್ಚಗೆ ಇಟ್ಟು ಸಿಪ್ಪೆ ಒಣಗಿಸುವುದು ಒಳ್ಳೆಯದು. ಏಕಾರ್ನ್‌ಗೆ ಅದು ಬೇಡ, ಕೆಡುತ್ತದೆ.

ಒಂದೇ ಹಂಗಾಮಿನಲ್ಲಿ ಎರಡನೇ ಸಲ ಬಿತ್ತಬಹುದಾ?

ಇದಕ್ಕೇ ನನಗೆ ಬೇಗ ಬರುವ ತಳಿ ಇಷ್ಟ. ನಿಮ್ಮಲ್ಲಿ ಚಳಿಯೋ ಹಿಮವೋ ಶುರುವಾಗುವ ದಿನದಿಂದ ಹಿಂದಕ್ಕೆ ಎಣಿಸಿ. ತಳಿಯ ದಿನಗಳಿಗೆ ಇನ್ನೂ 14 ಸೇರಿಸಿ, ಯಾಕೆಂದರೆ ಹಗಲು ಚಿಕ್ಕದಾದಂತೆ ಬೆಳೆ ನಿಧಾನವಾಗುತ್ತದೆ. 50 ದಿನದ ಜುಕಿನಿಗೆ 64 ದಿನ ಕೈಯಲ್ಲಿದ್ದರೆ ಬಿತ್ತಿ. ಮೊದಲ ಗಿಡ ಇದ್ದ ಗುಣಿಯಲ್ಲೇ ಬೇಡ, ಹತ್ತು ಹೆಜ್ಜೆ ಆಚೆ ಹೊಸ ಗುಣಿ ಮಾಡಿ. ಹಳೆ ಗಿಡ ಬೂದಿ ಹಿಡಿದು ಸೊರಗುವ ಹೊತ್ತಿಗೆ ಹೊಸದರಲ್ಲಿ ಮೊದಲ ಮೊಗ್ಗು ಹಳದಿ ತಿರುಗಿರುತ್ತದೆ.